ಆಮೆ ಅಂದರೆ ಮಳೆ

ನಾನು ಒಂದು ಗಾಜು. ಕಿಟಕಿಯ ಗಾಜೂ ಅಲ್ಲ, ಮುಖ ನೋಡಿಕೊಳ್ಳುವ ಕನ್ನಡಿಯೂ ಅಲ್ಲ. ದೋಣಿಯ ತಳಕ್ಕೆ ಕೂರಿಸಿದ ಗಾಜು. ತಳದಲ್ಲಿ ಎಲ್ಲಿ ತೂತು ಬಿದ್ದೀತೋ ಎಂದು ಲೋಕದ ಅಂಬಿಗರೆಲ್ಲ ಹೆದರುತ್ತಾರೆ. ನನಗೋಸ್ಕರ ಒಬ್ಬ ಅಂಬಿಗ ತಾನಾಗಿಯೇ ತನ್ನ ದೋಣಿಯ ತಳ ಕೊರೆಸಿದ. ಈ ಮಾತು ಹೇಳಿಕೊಂಡು ಜಂಬಪಡುವುದು ನನ್ನ ಹಳೆಯ ಚಾಳಿ, ಮನ್ನಿಸಿ.

ನಾನು ಹುಟ್ಟಿದ್ದು ಜಪಾನಿನ ದೊಡ್ಡ ದ್ವೀಪದ ಒಂದು ಕಾರ್ಖಾನೆಯಲ್ಲಿ. ಮರಳು ಕಾದು, ಕರಗಿ, ಹರಿದು, ಹಾಳೆಯಾಗಿ ಆರಿತು, ಅದೇ ನಾನು. ನನ್ನ ಒಡಹುಟ್ಟಿದವರಲ್ಲಿ ಒಬ್ಬಳು ಬ್ಯಾಂಕಿನ ಬಾಗಿಲಾದಳು, ಇನ್ನೊಬ್ಬಳು ಚಿನ್ನದಂಗಡಿ ಸೇರಿ ಒಡವೆಗಳನ್ನು ಕಾಯುತ್ತಾ ಕೂತಳು. ನನ್ನನ್ನು ಮಾತ್ರ ಇನ್ನೊಮ್ಮೆ ಕಾಯಿಸಿ, ಗಟ್ಟಿ ಮಾಡಿ, ಕಂಬಳಿ ಸುತ್ತಿ ಹಡಗು ಹತ್ತಿಸಿದರು. ಹೋಗಿ ಸೇರಿದ್ದು ಇಶಿಗಾಕಿ ಎಂಬ ದ್ವೀಪದ ಊರು. ಜಪಾನಿನ ನಕ್ಷೆ ಬರೆಯುವವರು ಜಾಗ ಸಾಲದೆ ಈ ಕಡೆಯ ದ್ವೀಪಗಳನ್ನು ಮೂಲೆಯಲ್ಲೊಂದು ಚೌಕ ಹಾಕಿ ಬೇರೆಯಾಗಿ ಬರೆಯುವುದುಂಟು. ಅಷ್ಟು ದೂರ.

ದೂರವಾದರೇನು, ಊರು ಚೆನ್ನ. ಮನೆಗಳ ಮುಂದೆ ದಾಸವಾಳದ ಬೇಲಿ, ಸೂರಿನ ಮೇಲೆ ಬಾಯಿ ತೆರೆದು ಕೂತ ಮಣ್ಣಿನ ಸಿಂಹ, ಊರಾಚೆ ಕಬ್ಬಿನ ಗದ್ದೆ. ಪ್ರವಾಸಿಗಳು ಬಸ್ಸಿನಲ್ಲಿ ಬರುತ್ತಿದ್ದರು. ಬೆಳಿಗ್ಗೆ ದೀಪಸ್ತಂಭ, ಆಮೇಲೆ ಮಾರುಕಟ್ಟೆ, ಪಕ್ಕದ ದ್ವೀಪದಲ್ಲಿ ಕೋಣದ ಗಾಡಿಯ ಸವಾರಿ, ಇವುಗಳ ನಡುವೆ ಎಲ್ಲಾದರೂ ನಾವು. ದೋಣಿಯಲ್ಲಿ ಸುತ್ತಲೂ ಬೆಂಚು, ನಡುವೆ ತಗ್ಗಿನಲ್ಲಿ ನಾನು. ಜನ ಬಗ್ಗಿ ನನ್ನ ಮೂಲಕ ಹವಳದ ತೋಟ ನೋಡುತ್ತಿದ್ದರು. ನಾನು ಅವರನ್ನು ನೋಡುತ್ತಿದ್ದೆ. ಎಷ್ಟೇ ದೊಡ್ಡ ಮನುಷ್ಯನಾಗಲಿ, ನೀಲಿ ಮೀನೊಂದು ಸುಳಿದರೆ ಸಾಕು, ಬಾಯಿ ತೆರೆದೇ ಬಿಡುತ್ತಿದ್ದ. ಇಂಥ ಮುಖಗಳನ್ನು ಕೆಳಗಿನಿಂದ ನೋಡುವ ಭಾಗ್ಯ ಬ್ಯಾಂಕಿನ ಬಾಗಿಲಿಗೆ ಎಲ್ಲಿ ಬರಬೇಕು? ಕನ್ನಡ ಎಲ್ಲಿ ಕಲಿತೆ ಎಂದು ಕೇಳುತ್ತೀರೇನೋ. ಗಾಜಿಗೆ ಭಾಷೆಯ ಹಂಗಿಲ್ಲ. ಯಾರು ಬಗ್ಗಿದರೆ ಅವರ ಮಾತು.

ನನ್ನ ಒಡೆಯನ ಹೆಸರು ಸೇಶೋ. ಮೊದಲು ಬಲೆ ಬೀಸುತ್ತಿದ್ದವನು, ಆಮೇಲೆ ಪ್ರವಾಸಿಗಳ ದೋಣಿಗೆ ಇಳಿದ. ಅವನ ಹೆಂಡತಿ ತೋಮಿ ದಡದಲ್ಲೊಂದು ತಗಡಿನ ಸೂರಿನ ಕೆಳಗೆ ಐಸ್ ತುರಿದು, ಮೇಲೆ ಕಪ್ಪು ಬೆಲ್ಲದ ಪಾಕ ಸುರಿದು ಕೊಡುತ್ತಿದ್ದಳು. ಸೇಶೋವಿನ ಮುಖವನ್ನು ಆಗೆಲ್ಲ ನಾನು ಸರಿಯಾಗಿ ಕಂಡಿರಲೇ ಇಲ್ಲ. ಚುಕ್ಕಾಣಿ ಹಿಡಿದವನು ಮುಂದೆ ನೋಡಬೇಕು, ಬಂಡೆ ತಪ್ಪಿಸಬೇಕು. ಅವನಿಗೆ ಬಗ್ಗಲು ಪುರುಸೊತ್ತೆಲ್ಲಿ? ನನಗೆ ಕಾಣುತ್ತಿದ್ದದ್ದು ಅವನ ರಬ್ಬರು ಬೂಟುಗಳ ಹಿಮ್ಮಡಿ ಮಾತ್ರ. ಎಡಗಡೆಯದು ಹೆಚ್ಚು ಸವೆದಿತ್ತು. ನನ್ನ ಕೆಳಗೆ ಏನು ಹಾದುಹೋಯಿತು ಎಂಬುದು ಅವನಿಗೆ ಗೊತ್ತಾಗುತ್ತಿದ್ದದ್ದು ಜನರ ಕೂಗಿನಿಂದಲೇ.

ಆ ಕೂಗುಗಳಲ್ಲಿ ಅವನು ಕಾಯುತ್ತಿದ್ದದ್ದು ಒಂದೇ ಒಂದನ್ನು: ‘ಕಮೆ!’ ಅಲ್ಲಿಯ ಮಾತಿನಲ್ಲಿ ಕಮೆ ಅಂದರೆ ಆಮೆ. ಕೊಲ್ಲಿಯಲ್ಲಿ ಒಂದು ದೊಡ್ಡ ಹೆಣ್ಣಾಮೆ ಇತ್ತು. ನಾನು ದೋಣಿ ಸೇರಿದ ವರ್ಷವೇ ಅದು ಯಾರದೋ ಹರಿದ ಬಲೆಗೆ ಸಿಕ್ಕಿ ಒದ್ದಾಡುತ್ತಿದ್ದಾಗ ಸೇಶೋ ನೀರಿಗೆ ಧುಮುಕಿ, ಬಲೆ ಕೊಯ್ದು ಬಿಡಿಸಿದ್ದ. ಆ ಒದ್ದಾಟದಲ್ಲಿ ಚಿಪ್ಪಿನ ಅಂಚು ಒಂದು ಕಡೆ ಮುರಿದುಹೋಗಿ, ಯಾರೋ ರೊಟ್ಟಿಯನ್ನು ಕಚ್ಚಿದ ಹಾಗೆ ಕಾಣುತ್ತಿತ್ತು. ತೋಮಿ ಅದಕ್ಕೆ ‘ಓಬಾ’ ಎಂದು ಹೆಸರಿಟ್ಟಳು. ಓಬಾ ಅಂದರೆ ಅಜ್ಜಿ. ಬೇಸಿಗೆ ಬೇಸಿಗೆಗೂ ಓಬಾ ನನ್ನ ಕೆಳಗೆ ನಿಧಾನವಾಗಿ ಹಾಯುತ್ತಿದ್ದಳು. ಜನ ‘ಕಮೆ, ಕಮೆ’ ಎಂದು ಕುಣಿದಾಗ ಆ ಸವೆದ ಹಿಮ್ಮಡಿ ನೆಲಕ್ಕೆ ಎರಡು ಸಲ ತಟ್ಟುತ್ತಿತ್ತು. ಖುಷಿಯಾದಾಗ ಅವನು ಮಾಡುತ್ತಿದ್ದದ್ದು ಅಷ್ಟೇ.

ಒಂದು ಬೇಸಿಗೆ ಸಮುದ್ರ ಕಾದುಬಿಟ್ಟಿತು. ನಾನು ಬೆಂಕಿಯಲ್ಲಿ ಹುಟ್ಟಿದವಳು, ಬಿಸಿ ನನಗೆ ಹೊಸದಲ್ಲ. ಹವಳಕ್ಕೆ ಮಾತ್ರ ತಡೆಯಲಿಲ್ಲ. ನೇರಳೆ, ಹಳದಿ, ಹಸಿರು ಎಲ್ಲ ಕಳಚಿ ತೋಟಕ್ಕೆ ತೋಟವೇ ಬಿಳುಚಿಕೊಂಡಿತು. ಮೀನು ಕಡಿಮೆಯಾದವು. ಓಬಾ ಕಾಣಲಿಲ್ಲ. ಮರುವರ್ಷವೂ ಕಾಣಲಿಲ್ಲ. ಬಗ್ಗಿದ ಮುಖಗಳು ಬೇಗನೆ ಮೇಲೆದ್ದು ಗಡಿಯಾರ ನೋಡತೊಡಗಿದವು. ನನ್ನನ್ನು ಉಜ್ಜುವಾಗ ಕೂಡ ಸೇಶೋ ಮುಖ ಆಚೆ ತಿರುಗಿಸಿಕೊಂಡೇ ಉಜ್ಜುತ್ತಿದ್ದ.

ಒಂದು ಸಂಜೆ ದೋಣಿಯ ಅಂಚಿನಲ್ಲಿ ಕೂತು ಗಂಡ ಹೆಂಡತಿ ಮಾತಾಡಿದ್ದು ನನಗೆ ಇವತ್ತಿಗೂ ನೆನಪಿದೆ.

"ಈ ಋತು ಮುಗಿದ್ರೆ ಇಂಜಿನ್ ಬಿಚ್ಚಿ ಕೊಟ್ಟುಬಿಡ್ತೀನಿ. ಎಲುಬು ತೋರಿಸೋದಕ್ಕೆ ಜನರನ್ನ ಕರಕೊಂಡು ಹೋಗ್ಬೇಕಾ?" ಅಂದ ಸೇಶೋ.

"ಓಬಾ ಬಂದ್ರೆ?" ತೋಮಿ ಕೇಳಿದಳು.

"ಬಂದ್ರೆ ಬಿಡಲ್ಲ. ಅವಳು ಇರೋ ತನಕ ನಾನೂ ಇರ್ತೀನಿ."

ನೀರು ಬಿಟ್ಟರೆ ಈ ಮನುಷ್ಯ ದಡದಲ್ಲಿ ಒಣಮೀನಾಗುತ್ತಾನೆ ಎಂಬುದು ತೋಮಿಗೆ ಗೊತ್ತಿತ್ತು. ಅವತ್ತಿನಿಂದ ಪ್ರತಿ ಸವಾರಿ ಮುಗಿದಾಗಲೂ ಅವಳು ದಡದಿಂದ ಅವನ ಮುಖ ನೋಡುತ್ತಿದ್ದಳು, ಅವನು ಇಲ್ಲವೆಂದು ತಲೆಯಾಡಿಸುತ್ತಿದ್ದ. ನನಗಂತೂ ಸಂಕಟ. ನಾನು ಗಾಜು, ಕಂಡದ್ದನ್ನು ತೋರಿಸಬಲ್ಲೆ, ಇಲ್ಲದ್ದನ್ನು ಎಲ್ಲಿಂದ ತರಲಿ?

ಕೊನೆಯ ದಿನ ಬಂತು. ಮರುದಿನ ಇಂಜಿನ್ ಒಯ್ಯಲು ಜನ ಬರುವವರಿದ್ದರು. ಅವತ್ತೇ ಬಂದರಿಗೆ ದೊಡ್ಡ ಬಿಳಿ ಪ್ರವಾಸಿ ಹಡಗೊಂದು ಬಂದು, ಅದರಿಂದ ಇಳಿದ ಒಂದು ತಂಡ ನಮ್ಮ ಪಾಲಿಗೆ ಸಿಕ್ಕಿತು. ತಂಡದಲ್ಲಿ ಮಂಡ್ಯ ಕಡೆಯ ತಾಯಿ ಮಗಳಿದ್ದರು. ತಾಯಿ ಪುಟ್ಟಗೌರಮ್ಮ, ಎಂಬತ್ತರ ಹತ್ತಿರದ ಗಟ್ಟಿ ಹೆಂಗಸು. ರೇಷ್ಮೆ ಸೀರೆಯ ಮೇಲೆ ಕಿತ್ತಳೆ ಬಣ್ಣದ ತೇಲುಕವಚ ತೊಟ್ಟು ಮದುವಣಗಿತ್ತಿಯ ಹಾಗೆ ಕೂತಿದ್ದರು. ಮಗಳು ಭಾಗೀರಥಿ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು, ಇಂಗ್ಲಿಷು ಬಲ್ಲವಳು. ಆದರೆ ದೋಣಿ ಒಂದು ಸಲ ಹೊಯ್ದಾಡಿದ್ದೇ ತಡ, ಆಕೆಯ ಹೊಟ್ಟೆ ತೊಳೆಸಿ, ಕಣ್ಣು ಮುಚ್ಚಿ ತಲೆಯನ್ನು ಮಂಡಿಗೆ ಆನಿಸಿದವಳು ಏಳಲೇ ಇಲ್ಲ. ಉಳಿದವರು ಬಿಳಿ ಹವಳ ನೋಡಿ ಬೇಸತ್ತು, ದಂಡೆಯ ಕಡೆ ಮೊಬೈಲು ಹಿಡಿದು ಪಟ ತೆಗೆಯುತ್ತಿದ್ದರು.

ಬಗ್ಗಿದ್ದವರು ಪುಟ್ಟಗೌರಮ್ಮ ಒಬ್ಬರೇ. ದುಡ್ಡು ಕೊಟ್ಟು ಹತ್ತಿದ ಮೇಲೆ ನೋಡದೆ ಬಿಡುವ ಪೈಕಿ ಅಲ್ಲ ಅವರು. ಆಗ ಬಿಳಿ ಹವಳದ ಹಿಂದಿನಿಂದ ಒಂದು ನೆರಳು ಎದ್ದಿತು. ಅಗಲವಾದ ಬೆನ್ನು. ಅಂಚಿನಲ್ಲಿ ಕಚ್ಚಿದ ರೊಟ್ಟಿಯ ಗುರುತು. ನನ್ನ ಮೈಯೆಲ್ಲ ಜುಂ ಎಂದಿತು. ಇಂಜಿನ್ನಿನ ನಡುಕ ಇದ್ದಿರಬಹುದು ಅನ್ನಿ, ನನಗಂತೂ ಹಾಗನ್ನಿಸಲಿಲ್ಲ.

"ಆಮೆ! ಆಮೆ!" ಎಂದು ಕೂಗಿದರು ಪುಟ್ಟಗೌರಮ್ಮ.

ಇಲ್ಲೇ ನೋಡಿ ಎಡವಟ್ಟಾದದ್ದು. ಸೇಶೋವಿನ ಮಾತಿನಲ್ಲಿ ಆಮೆಗೆ ಕಮೆ ಅನ್ನುತ್ತಾರೆ ಅಂದೆನಲ್ಲ. ‘ಅಮೆ’ ಅಂದರೆ ಮಳೆ. ದೀರ್ಘ ಒಂದರ ವ್ಯತ್ಯಾಸ, ಅದೂ ಕೂಗುವಾಗ ಯಾರಿಗೆ ತಿಳಿಯುತ್ತದೆ? ಅವನು ಆಕಾಶ ನೋಡಿದ. ಒಂದು ಮೋಡವೂ ಇರಲಿಲ್ಲ. ಆದರೆ ಆ ಸಮುದ್ರದಲ್ಲಿ ಮಳೆ ಹೇಳಿಕೇಳಿ ಬರುವುದಿಲ್ಲ, ವಯಸ್ಸಾದವರ ಮೂಳೆಗೆ ಅದು ಮೊದಲೇ ತಿಳಿಯುತ್ತದೆ ಎಂಬುದು ದ್ವೀಪದವರ ನಂಬಿಕೆ. ಜೊತೆಗೆ ಮುದುಕಿಯ ಮಗಳು ಬೇರೆ ಬವಳಿ ಬಂದು ಒರಗಿದ್ದಾಳೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದಂತೆ, ನನ್ನ ಒಡೆಯ ಚುಕ್ಕಾಣಿ ತಿರುಗಿಸಿ ದೋಣಿಯನ್ನು ದಡದ ಕಡೆಗೆ ಓಡಿಸಿದ.

"ಅಯ್ಯೋ, ಇವನ್ಯಾಕೆ ತಿರುಗಿಸ್ತಾವ್ನೆ? ಆಮೆ ಅಲ್ಲೈತೆ ಕಣಪ್ಪ, ಆಮೆ!" ಅವರು ಕೂಗಿದಷ್ಟೂ ಅವನು ಬಿರುಸಾಗಿ ಓಡಿಸಿದ. ಎರಡು ಬೇಸಿಗೆ ಕಾದದ್ದು ನನ್ನ ಅಂಚಿನಿಂದ ಜಾರಿ ಹಿಂದಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನಗೆ ಬಾಯಿ ಇಲ್ಲ ಎಂದು ಅಷ್ಟು ದುಃಖಪಟ್ಟದ್ದು ಅವತ್ತೊಂದೇ ದಿನ.

ದಡದಲ್ಲಿ ಎಲ್ಲರೂ ಇಳಿದರು. ಮಗಳೂ ತೂರಾಡುತ್ತ ಇಳಿದಳು. ಪುಟ್ಟಗೌರಮ್ಮ ಮಾತ್ರ ಬೆಂಚು ಬಿಡಲೊಲ್ಲರು. "ಆಮೆ" ಎಂದು ಸಮುದ್ರದತ್ತ ಕೈ ತೋರಿಸುತ್ತಾರೆ. ಸೇಶೋ ಆಕಾಶ ನೋಡಿ, ಮಳೆ ಇಲ್ಲ ಎಂದು ಕೈಯಾಡಿಸುತ್ತಾನೆ. ಗಲಾಟೆ ಕೇಳಿ ತೋಮಿ ಮೊಣಕಾಲು ನೀರಿನಲ್ಲಿ ನಡೆದು ಬಂದಳು. ಅವಳ ಕಿವಿಗೂ ‘ಅಮೆ’ ಬಿತ್ತು. ಆದರೆ ಅವಳು ಅಂಗಡಿಯವಳು. ಅಲ್ಲಿ ಮಿಠಾಯಿಗೂ ಅಮೆ ಎಂದೇ ಹೆಸರು. ಪಾಪ, ಮುದುಕಿಗೆ ಬಾಯಿ ಒಣಗಿರಬೇಕು ಎಂದುಕೊಂಡು ಸೊಂಟದ ಚೀಲದಿಂದ ಕಪ್ಪು ಬೆಲ್ಲದ ದುಂಡನೆಯ ಬಿಲ್ಲೆ ತೆಗೆದು ಅವರ ಅಂಗೈಗಿಟ್ಟಳು.

ಅವರು ಮೂಸಿ ನೋಡಿದರು, ನಾಲಿಗೆಗೆ ಮುಟ್ಟಿಸಿದರು. ಮುಖ ಅರಳಿತು.

"ಭಾಗೀ, ಇದು ನಮ್ಮ ಆಲೆಮನೆ ಬೆಲ್ಲ ಕಣೇ!"

"ಬೆಲ್ಲ ಆಮೇಲೆ ತಿನ್ನುವಂತೆ, ಇಳಿಯವ್ವ, ಬಸ್ಸು ಕಾಯ್ತಾ ಐತೆ," ಅಂದಳು ಮಗಳು ನೀರಿನಲ್ಲಿ ನಿಂತುಕೊಂಡೇ.

ಅವ್ವ ಇಳಿಯಲಿಲ್ಲ. ಕೈಯಲ್ಲಿದ್ದ ಬಿಲ್ಲೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಏನೋ ಹೊಳೆಯಿತು. ಸೆರಗನ್ನು ಬೆನ್ನ ಮೇಲೆ ಎಳೆದುಕೊಂಡು, ಕುತ್ತಿಗೆಯನ್ನು ಒಳಕ್ಕೆ ಸೇದಿ, ಮತ್ತೆ ಹೊರಗೆ ಚಾಚಿ, ಎರಡು ಕೈಗಳಿಂದ ಗಾಳಿಯಲ್ಲಿ ನಿಧಾನವಾಗಿ ಈಜಿದರು. ತೋಮಿ ನಕ್ಕಳು. ಸೇಶೋ ನಗಲಿಲ್ಲ. ಪುಟ್ಟಗೌರಮ್ಮ ಆ ಬಿಲ್ಲೆಯ ಅಂಚನ್ನು ಒಂದು ಕಡೆ ಕಚ್ಚಿ, ಬಗ್ಗಿ, ಕಚ್ಚಿದ ಗುರುತು ಕಾಣುವ ಹಾಗೆ ನನ್ನ ಮೇಲೆ ಇಟ್ಟರು.

ಬೂಟಿನ ಹಿಮ್ಮಡಿ ಅಲುಗಾಡಲಿಲ್ಲ. ಆಮೇಲೆ ಸೇಶೋ ಇಂಜಿನ್ ಚಾಲೂ ಮಾಡಿದ ರಭಸಕ್ಕೆ, ಅಂಚು ಹಿಡಿದು ಹತ್ತುತ್ತಿದ್ದ ತೋಮಿ ಹೇಗೋ ದೋಣಿಯೊಳಕ್ಕೆ ಬಿದ್ದಳು. ತಂಡದ ಮುಂದಾಳು ಬಾವುಟ ಬೀಸಿ ಕೂಗಿದ, ಬಸ್ಸು ಹಾರ್ನು ಹಾಕಿತು, ಭಾಗೀರಥಿ "ಅವ್ವಾ" ಎಂದು ಅರಚಿದಳು. ಅವ್ವ ತಿರುಗಿಯೂ ನೋಡಲಿಲ್ಲ.

ಆ ಜಾಗ ತಲುಪಿ ಇಂಜಿನ್ ನಿಂತಿತು. ನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಸೇಶೋ ಚುಕ್ಕಾಣಿಯನ್ನು ತೋಮಿಯ ಕೈಗೆ ಕೊಟ್ಟು, ಬೂಟು ಕಳಚಿ, ನನ್ನ ಪಕ್ಕ ಮಂಡಿಯೂರಿ ಬಗ್ಗಿದ. ನನ್ನ ಒಡೆಯನ ಮುಖವನ್ನು ಕೆಳಗಿನಿಂದ ನಾನು ಕಂಡದ್ದು ಅದೇ ಮೊದಲು. ಉಪ್ಪುಗಾಳಿಗೆ ಸೀಳಿದ ತುಟಿ, ಹುಬ್ಬಿನಲ್ಲಿ ನರೆ, ಹೆದರಿದ ಕಣ್ಣು. ತಾನು ನೋಡಲಾರದೆ ತಪ್ಪಿಸಿಕೊಂಡಿದ್ದ ಬಿಳಿ ಹವಳವನ್ನು ಅವನು ಪೂರ್ತಿ ನೋಡಿದ. ಸತ್ತ ಕೊಂಬೆಗಳ ತುದಿಯಲ್ಲಿ ಅಲ್ಲಲ್ಲಿ ಸಣ್ಣ ನೇರಳೆ ಚಿಗುರು ಹೊರಟಿತ್ತು. ಅದು ನನಗೆ ಹಿಂದೆಯೇ ಕಂಡಿತ್ತು, ಬಗ್ಗಿ ಕೇಳಿದವರಿಲ್ಲ.

ತುಂಬ ಹೊತ್ತು ಏನೂ ಬರಲಿಲ್ಲ. ಪುಟ್ಟಗೌರಮ್ಮ ಕೆನ್ನೆಗೆ ಕೈಯಿಟ್ಟು ಕೂತಿದ್ದರು, ಹೆರಿಗೆ ಕೋಣೆಯ ಹೊರಗೆ ಕಾಯುವವರ ಹಾಗೆ. ಆಮೇಲೆ ಓಬಾ ಬಂದಳು. ಅವಸರವಿಲ್ಲದೆ ನನ್ನ ನೇರ ಕೆಳಗೆ ಬಂದು, ಮುರಿದ ಅಂಚನ್ನು ಬೆಳಕಿಗೆ ಒಡ್ಡಿ, ತಲೆಯೆತ್ತಿದಳು. ಮೇಲೆ ಅವನ ಮುಖ, ಕೆಳಗೆ ಅವಳ ಮುಖ, ನಡುವೆ ನಾನು. ನಾನು ಗಾಜಾಗಿ ಹುಟ್ಟಿದ್ದು ಆ ಒಂದು ಗಳಿಗೆಗೆ ಎಂದೇ ಇವತ್ತಿಗೂ ನಂಬಿದ್ದೇನೆ.

"ಆಮೆ," ಅಂದ ಸೇಶೋ. ಪುಟ್ಟಗೌರಮ್ಮನ ಹಾಗೆಯೇ, ದೀರ್ಘ ಎಳೆದು.

ನನ್ನ ಮೇಲೆ ಒಂದು ಹನಿ ಬಿತ್ತು, ಇನ್ನೊಂದು ಬಿತ್ತು. ತೋಮಿ ಚುಕ್ಕಾಣಿ ಹಿಡಿದೇ ಗಂಡನ ಒದ್ದೆ ಕೆನ್ನೆ ನೋಡಿ, "ಅಜ್ಜಿ ಹೇಳಿದ್ದು ಸುಳ್ಳಲ್ಲ ಬಿಡಿ, ಮಳೆ ಬಂತು," ಅಂದಳು.

ಬಸ್ಸು ಕಾದಿತ್ತು. ಭಾಗೀರಥಿ ಅವ್ವನನ್ನು ಬೈದಳು. ತೋಮಿ ಒಂದು ಚೀಲ ಬೆಲ್ಲದ ಬಿಲ್ಲೆ ಕೊಟ್ಟು ಕಳಿಸಿದಳು. ಮರುದಿನ ಇಂಜಿನ್ ಒಯ್ಯಲು ಬಂದವರು ಐಸ್ ತಿಂದು ಬರಿಗೈಲಿ ಹೋದರು. ಆಮೇಲೆ ಎಷ್ಟೋ ಬೇಸಿಗೆ ನಾವು ನೀರಿಗಿಳಿದೆವು. ಹವಳ ಮೊದಲಿನಂತಾಯಿತು ಎಂದು ಸುಳ್ಳು ಹೇಳಲಾರೆ, ಆದರೆ ಬಣ್ಣ ಅಲ್ಲಲ್ಲಿ ಮರಳಿತು. ಪ್ರತಿ ಸವಾರಿಯಲ್ಲೂ ಸೇಶೋ ಜನರಿಗೆ ಹೇಳಿಕೊಡುತ್ತಿದ್ದ: ಆಮೆ ಕಂಡರೆ ‘ಆಮೆ’ ಎಂದೇ ಕೂಗಬೇಕು, ಇದು ಒಬ್ಬ ಅಜ್ಜಿ ಬಿಟ್ಟುಹೋದ ಮಾತು. ಟೋಕಿಯೋದವರೂ ಒಸಾಕಾದವರೂ ಪಾಪ, ಬಿಸಿಲಿನಲ್ಲಿ ‘ಮಳೆ, ಮಳೆ’ ಎಂದು ಕೂಗಿ ನಗುತ್ತಿದ್ದರು.

ದೋಣಿಯ ಮರ ಲಡ್ಡಾದ ಮೇಲೆ ಅದನ್ನು ಒಡೆದು ಹಾಕಿದರು. ನನ್ನನ್ನು ಮಾತ್ರ ಸೇಶೋ ತಾನೇ ಬಿಡಿಸಿ ತಂದು, ನಾಲ್ಕು ಕಾಲು ಹಚ್ಚಿ, ತೋಮಿಯ ಅಂಗಡಿಗೆ ಮೇಜು ಮಾಡಿದ. ಈಗ ನನ್ನ ಮೈತುಂಬ ಗೀರು. ಮೇಲೆ ಐಸಿನ ಬಟ್ಟಲುಗಳು, ಕೆಳಗೆ ಮರಳು ಮತ್ತು ಪ್ರವಾಸಿಗಳ ಚಪ್ಪಲಿ. ಓಬಾ ಕೊಲ್ಲಿಯಲ್ಲಿ ಇದ್ದಾಳೋ ಇಲ್ಲವೋ, ಹೇಳುವವರಿಲ್ಲ. ಸೇಶೋ ದಿನವೂ ಇದೇ ಮೇಜಿಗೆ ಮೊಣಕೈಯೂರಿ ಕೂರುತ್ತಾನೆ. ಅವನ ಮುಖ ಈಗ ನನಗೆ ಬಾಯಿಪಾಠ.

ಈ ಕಡೆ ಮಳೆ ಹೇಳದೆ ಬರುತ್ತದೆ ಅಂದೆನಲ್ಲ. ಬಂದಾಗ ಜನ ‘ಅಮೆ, ಅಮೆ’ ಎಂದು ಕೂಗುತ್ತ ದಂಡೆಯಿಂದ ನಮ್ಮ ತಗಡಿನ ಸೂರಿನ ಕೆಳಕ್ಕೆ ಓಡಿ ಬರುತ್ತಾರೆ. ಎಲ್ಲರೂ ಮುಖವೆತ್ತಿ ಆಕಾಶ ನೋಡುತ್ತಾರೆ. ಸೇಶೋ ಮತ್ತು ನಾನು ಮಾತ್ರ ಕೆಳಗೆ ನೋಡುತ್ತೇವೆ.