ಅತ್ತಿಗೆ ರಜೆ ಹಾಕಿದ ಆರು ದಿನ

ಎಕ್ಸ್‌ರೇ ಕೇಂದ್ರದ ಹಿಂದಿನ ಕೋಣೆಯಲ್ಲಿ ಅತ್ತಿಗೆ, ನಾದಿನಿ ಅಕ್ಕಪಕ್ಕ ಕೂರುತ್ತಿದ್ದರು. ಅತ್ತಿಗೆಗೆ ಅಲ್ಲಿ ಹತ್ತೊಂಬತ್ತು ವರ್ಷ. ಗಂಡನ ಮನೆ ಬಿಟ್ಟು ಬಂದ ನಾದಿನಿಗೆ ಪಕ್ಕದ ಕುರ್ಚಿ ಕೊಡಿಸಿದವಳೂ ಅವಳೇ. ಕಂಪ್ಯೂಟರಿಗೆ ಬಂದ ಪ್ರತಿ ಚಿತ್ರದ ಹೆಸರಿಗೂ ತಾರೀಖು ಸೇರಿಸಿ, ಆಯಾ ವೈದ್ಯರ ಫೋಲ್ಡರಿಗೆ ಹಾಕಬೇಕು. ಎದೆಯ ಚಿತ್ರಗಳು ಅತ್ತಿಗೆಗೆ, ಕೈಕಾಲಿನವು ನಾದಿನಿಗೆ.

ಮೌಸ್ ಒತ್ತಿ ಒತ್ತಿ ಅತ್ತಿಗೆಯ ಮಣಿಕಟ್ಟು ಊದಿಕೊಂಡಿತು. ನೋಡಲಾರದೆ ನಾದಿನಿ ನೋಟ್‌ಪ್ಯಾಡಿನಲ್ಲಿ ಎಂಟು ಸಾಲಿನ ಪುಟ್ಟ ಪ್ರೋಗ್ರಾಂ ಬರೆದಳು. ಕಂಪ್ಯೂಟರಿನಲ್ಲೇ ಇರುವ ಶೆಡ್ಯೂಲರ್ ಅದನ್ನು ದಿನಾ ಮಧ್ಯಾಹ್ನ ಎರಡಕ್ಕೆ ತಾನಾಗಿ ಓಡಿಸುವಂತೆ ಇಬ್ಬರ ಕಂಪ್ಯೂಟರಿನಲ್ಲೂ ಇಟ್ಟಳು. ಒಂದು ನಿಮಿಷದೊಳಗೆ ಎಲ್ಲಾ ಚಿತ್ರಗಳೂ ಜಾಗ ಸೇರುತ್ತಿದ್ದವು.

"ಯಾರಿಗೂ ಬಾಯಿ ಬಿಡಬೇಡ ಕಣೇ," ಎಂದಳು ಅತ್ತಿಗೆ. "ಗೊತ್ತಾದ್ರೆ ಕಂಪ್ಯೂಟರನ್ನ ಇಟ್ಕೊಂಡು ನಮ್ಮನ್ನ ಕಳಿಸ್ತಾರೆ."

ಆಮೇಲೆ ಸಂಜೆವರೆಗೆ ಇಬ್ಬರೂ ಹುಬ್ಬು ಗಂಟಿಕ್ಕಿಕೊಂಡು ಖಾಲಿ ಫೋಲ್ಡರ್ ತೆರೆದು ಮುಚ್ಚುತ್ತಿದ್ದರು. ಅಷ್ಟು ನಗು ಆ ಕೋಣೆ ಹಿಂದೆಂದೂ ಕಂಡಿರಲಿಲ್ಲ.

ಮಣಿಕಟ್ಟಿನ ಆಪರೇಷನ್ನಿಗೆ ಅತ್ತಿಗೆ ಆರು ದಿನ ರಜೆ ಹಾಕಿದಳು. ಬಂದಾಗ ಕೆಲಸ ರಾಶಿ ಬಿದ್ದಿರಬಾರದೆಂದು ನಾದಿನಿ ದಿನವೂ ಅವಳ ಕಂಪ್ಯೂಟರನ್ನೂ ಹಚ್ಚಿಟ್ಟಳು.

ಏಳನೇ ದಿನ ಮೇಲ್ವಿಚಾರಕ ಇಬ್ಬರನ್ನೂ ಕರೆದ. ಅತ್ತಿಗೆಯ ಬಲಗೈಗೆ ಇನ್ನೂ ಪಟ್ಟಿಯಿತ್ತು.

"ಕೂತ್ಕೊಳ್ಳಿ ಅಮ್ಮಾ. ಆರು ದಿನ ನೀವಿಲ್ಲ. ಒಂದು ಚಿತ್ರವೂ ತಡ ಆಗಿಲ್ಲ." ಅವನು ನಾದಿನಿಯ ಕಡೆ ತಿರುಗಿದ. "ಇವರ ಕೆಲಸಾನೂ ನೀವೇ ಮಾಡಿದ್ರಾ?"

ಅತ್ತಿಗೆ ನಾದಿನಿಯ ಮುಖವನ್ನೇ ನೋಡುತ್ತಿದ್ದಳು. ಕಂಪ್ಯೂಟರ್ ಮಾಡಿತು ಎಂದರೆ ಇಬ್ಬರ ಕುರ್ಚಿಯೂ ಹೋಗುತ್ತದೆ. ಇಲ್ಲ, ಅತ್ತಿಗೆ ಮನೆಯಿಂದಲೇ ಎಡಗೈಯಲ್ಲಿ ಮಾಡಿಕೊಟ್ಟರು ಎಂದರೆ ಬಹುಶಃ ಯಾರದೂ ಹೋಗುವುದಿಲ್ಲ. ಆದರೆ ಅವನು ಮೆಚ್ಚುಗೆಯಿಂದ ನಗುತ್ತಿದ್ದ. ನಾದಿನಿಯನ್ನು ಹಾಗೆ ಯಾರಾದರೂ ನೋಡಿ ಬಹಳ ವರ್ಷವಾಗಿತ್ತು.

"ಹೌದು ಸಾರ್," ಎಂದಳು.

"ನೋಡಿ ಅಮ್ಮಾ, ಒಬ್ಬರೇ ಸಾಕು. ನೀವಿನ್ನು ಮನೇಲಿ ಆರಾಮಾಗಿ ಕೈ ನೋಡ್ಕೊಳ್ಳಿ."

ಅತ್ತಿಗೆ ಬಾಯಿ ತೆರೆದಳು. ನಾದಿನಿ ತಲೆ ತಗ್ಗಿಸಿ ಸೆರಗಿನ ಅಂಚು ಸುತ್ತುತ್ತಿದ್ದಳು. ಅತ್ತಿಗೆ ಬಾಯಿ ಮುಚ್ಚಿಕೊಂಡಳು.

ಬಸ್ ನಿಲ್ದಾಣದವರೆಗೂ ಅವಳ ಚೀಲ ಹೊತ್ತವಳು ನಾದಿನಿ. "ಅತ್ತಿಗೆ, ನಿಮಗೆ ಭಾರ ಆಗ್ಬಾರ್ದು ಅಂತಲೇ ನಾನು ಅದನ್ನ ದಿನಾ..."

"ಅದು ಗೊತ್ತು," ಎಂದಳು ಅತ್ತಿಗೆ. "ಹೌದು ಅಂದದ್ದು ಯಾಕೆ?"

ಬಸ್ಸು ಬಂತು. ಅತ್ತಿಗೆ ಎಡಗೈಯಿಂದ ಚೀಲ ಕಿತ್ತುಕೊಂಡಳು. ಹತ್ತಲು ಕಂಬಿ ಸಿಗದೆ ಒಮ್ಮೆ ವಾಲಿದಳು. ನಾದಿನಿ ತೋಳು ಹಿಡಿಯಹೋದಾಗ ಕೊಡವಿಕೊಂಡು, ಹಿಂದೆ ನಿಂತಿದ್ದ ಗುರುತಿಲ್ಲದ ಹೆಂಗಸಿಗೆ, "ಸ್ವಲ್ಪ ಹಿಡ್ಕೊಳ್ತೀರಾ ತಾಯಿ, ನನ್ನೋರು ಯಾರೂ ಜೊತೇಲಿಲ್ಲ," ಎಂದಳು.