ಔಷಧಿ ಕಾಣದ ನಾಲ್ಕು ಮಡಿ

ತೊರೆನೂರು ರಸ್ತೆಯಲ್ಲಿ ಶುಂಠಿ ಬೆಳೆಯುವವರು ನೂರಾರು ಮಂದಿ ಇದ್ದರೂ ‘ಶುಂಠಿ’ ಎಂಬ ಬಿರುದು ಹೆಸರಿಗೆ ಅಂಟಿಕೊಂಡದ್ದು ಸಣ್ಣಸ್ವಾಮಿ ಒಬ್ಬನಿಗೇ. ಅಜ್ಜನ ಕಾಲದಲ್ಲಿ ಅರಕಲಗೂಡು ಕಡೆಯಿಂದ ಎತ್ತಿನ ಗಾಡಿಯಲ್ಲಿ ಬಂದ ಸಂಸಾರ ಅದು. ಮೂರು ತಲೆಮಾರು ದುಡಿದು ಸಂಪಾದಿಸಿದ್ದು ರಸ್ತೆಗೊಂದು ತುಂಡು, ಹಿಂದೊಂದು ತುಂಡು ಸೇರಿ ಎರಡೆಕರೆ ಹೊಲ, ಒಂದಿಷ್ಟು ಹೆಸರು. ಹೊಲವನ್ನು ಹೆಚ್ಚಾಗಿ ಹೆಂಡತಿ ವನಜಮ್ಮ ನೋಡಿಕೊಳ್ಳುತ್ತಿದ್ದಳು. ಹೆಸರನ್ನು ನೋಡಿಕೊಳ್ಳುವ ಭಾರವೆಲ್ಲ ಪಾಪ, ಅವನ ಮೇಲಿತ್ತು.

ಆ ಹೆಸರಿಗೆ ಕುತ್ತು ಬಂದದ್ದು ನಾದಿನಿಯ ಮಗಳು ಅನುಶ್ರೀಯಿಂದ. ಕೃಷಿ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದ ಅವಳು ಶುಂಠಿ ಹಾಕುವ ಹೊತ್ತಿಗೆ ಬಿಳಿ ಪುಡಿಯ ಪೊಟ್ಟಣಗಳನ್ನು ಹಿಡಿದುಕೊಂಡು ಬಂದಳು.

“ಇದೇನವ್ವ?” ಎಂದ ಸಣ್ಣಸ್ವಾಮಿ.

“ಬ್ಯಾಕ್ಟೀರಿಯಾದಿಂದ ತೆಗೆದ ಪ್ರೋಟೀನು, ದೊಡ್ಡಪ್ಪ.”

ಅವನು ಎರಡು ಹೆಜ್ಜೆ ಹಿಂದೆ ಸರಿದ. ಹೋದ ವರ್ಷ ಅರ್ಧ ಊರಿನ ಶುಂಠಿಯನ್ನು ಕೊಳೆಸಿ ಹಾಕಿದ್ದೇ ಬ್ಯಾಕ್ಟೀರಿಯಾ ಎಂದು ಎಲ್ಲರೂ ಹೇಳಿದ್ದರು. “ಕಳ್ಳನ್ನೇ ಕರ್ಕೊಂಡ್ ಬಂದು ಕಾವಲಿಗೆ ಹಾಕು ಅಂತೀಯಲ್ಲವ್ವ!”

“ಕಳ್ಳ ಬರೋದಿಲ್ಲ, ಅವನ ಹೆಜ್ಜೆ ಸದ್ದು ಮಾತ್ರ. ಇದರಲ್ಲಿ ಜೀವ ಇರೋ ರೋಗಾಣು ಒಂದೂ ಇಲ್ಲ. ಎಲೆ ಮೇಲೆ ಈ ಪ್ರೋಟೀನು ಬಿದ್ರೆ ಗಿಡಕ್ಕೆ ಯಾರೋ ನುಗ್ಗಿದ್ರು ಅನ್ನಿಸುತ್ತೆ. ಬಾಗಿಲು ಭದ್ರ ಮಾಡ್ಕೊಳ್ಳುತ್ತೆ, ದೊಣ್ಣೆ ರೆಡಿ ಇಟ್ಕೊಳ್ಳುತ್ತೆ. ಬೇರು ಜಾಸ್ತಿ ಬಿಟ್ಟು ಚೆನ್ನಾಗಿ ಬೆಳೆಯುತ್ತೆ. ಆಮೇಲೆ ನಿಜವಾದ ರೋಗ ಬಂದಾಗ ಗಿಡ ಎದ್ದು ಕೂತಿರುತ್ತೆ. ಆದ್ರೆ ರೋಗ ಬರೋಕೆ ಮುಂಚೇನೇ ಹೊಡೀಬೇಕು.”

“ಅಂದ್ರೆ ಗಿಡಕ್ಕೆ ಸುಳ್ಳು ಹೇಳೋದು.”

“ಒಂಥರಾ ಹಾಗೇ.”

“ಅದು ನಂಗೆ ಬತ್ತದೆ ಬಿಡು,” ಎಂದ ಸಣ್ಣಸ್ವಾಮಿ ಧೈರ್ಯವಾಗಿ.

ಷರತ್ತು ಒಂದೇ. ರಸ್ತೆಗೆ ತಾಗಿದ ಹೊಲದ ಅರ್ಧಕ್ಕೆ ಮೂರು ವಾರಕ್ಕೊಮ್ಮೆ ನೀರಿನಲ್ಲಿ ಕಲಸಿದ ಪುಡಿ, ಇನ್ನರ್ಧಕ್ಕೆ ಬರೀ ನೀರು. ಎರಡರ ನಡುವೆ ವ್ಯತ್ಯಾಸ ಕಂಡರೆ ಅನುಶ್ರೀಯ ಎರಡು ವರ್ಷದ ದುಡಿಮೆ ಮುಂದುವರಿಯುತ್ತದೆ. ಕಾಣದಿದ್ದರೆ ಕಾಲೇಜಿನವರು ಆ ಕೆಲಸವನ್ನು ಅಲ್ಲಿಗೇ ಮುಚ್ಚುತ್ತಾರೆ. ಯಾವ ಅರ್ಧಕ್ಕೆ ಯಾವುದು ಎಂದು ಚೀಟಿ ಎತ್ತಬೇಕು. ಸಣ್ಣಸ್ವಾಮಿ ಮನೆದೇವರನ್ನು ನೆನೆದು ಎತ್ತಿದ. ರಸ್ತೆ ಪಕ್ಕದ ಅರ್ಧಕ್ಕೆ ‘ಖಾಲಿ’ ಎಂದು ಬಂತು.

“ಮೂರು ಸಲ ಎತ್ತಬೇಕು ಕಣವ್ವ. ಒಂದು ಸಲದ್ದು ಲೆಕ್ಕಕ್ಕಿಲ್ಲ.”

“ಒಂದೇ ಸಲ, ದೊಡ್ಡಪ್ಪ.”

ಸಾಲದ್ದಕ್ಕೆ ಅವಳು ಬೇಲಿಯ ಬಳಿ ಬೋರ್ಡು ನೆಟ್ಟಳು. ‘ಔಷಧಿ ಇಲ್ಲದ ಭಾಗ. ರೈತರು: ಶ್ರೀ ಸಣ್ಣಸ್ವಾಮಿ.’ ಓಡುವ ಬಸ್ಸಿನಿಂದ ಓದುವಷ್ಟು ದಪ್ಪ ಅಕ್ಷರ.

ಮೊದಲ ಸಲ ಪುಡಿ ಹೊಡೆದು ಮೂರು ವಾರ ತುಂಬುವುದರೊಳಗೆ ಒಳಗಿನ ಅರ್ಧ ಕಡುಹಸಿರಾಗಿ ಮೊಣಕಾಲು ಮುಟ್ಟಿತು. ರಸ್ತೆ ಪಕ್ಕದ್ದು ಪೇಲವವಾಗಿ, ಹಳದಿಗಟ್ಟಿ ನಿಂತಿತ್ತು. ಪಕ್ಕದ ಹೊಲದ ನಾಗರಾಜು ಕುಶಾಲನಗರದ ಬಸ್ಸಿಳಿದವನೇ ಬೋರ್ಡು ಓದಿದ, ಗಿಡ ನೋಡಿದ. “ಏನ್ ಸ್ವಾಮಣ್ಣ, ಈ ಸಲ ಶುಂಠಿ ಬಿಟ್ಟು ಅರಿಸಿನ ಹಾಕ್ಬಿಟ್ಯಾ?” ಎಂದ.

ಅವತ್ತು ಊಟಕ್ಕೆ ಕೂತ ಸಣ್ಣಸ್ವಾಮಿ ಮುದ್ದೆ ಮುರಿಯದೆ ತಟ್ಟೆಯಲ್ಲೇ ಅತ್ತಿತ್ತ ಉರುಳಿಸಿದ. “ಒಂದೇ ಪಂಕ್ತೀಲಿ ಕೂರ್ಸಿ ಒಬ್ರಿಗೆ ಪಾಯ್ಸ, ಇನ್ನೊಬ್ರಿಗೆ ನೀರು ಬಡ್ಸೋದು ಯಾವ ಧರ್ಮ?” ಎಂದು ಹೆಂಡತಿಯನ್ನು ಕೇಳಿದ.

“ಗಿಡ ಪಂಕ್ತೀಲಿ ಕೂತಿಲ್ಲ. ನೀವು ಅಂಜ್ತಿರೋದು ಬಸ್ಸಲ್ಲಿ ಕೂತೋರ್ಗೆ,” ಎಂದಳು ವನಜಮ್ಮ.

ಸಣ್ಣಸ್ವಾಮಿ ಎದ್ದು ಕೈ ತೊಳೆದುಕೊಂಡ.

ಮುಂದಿನ ಸಲದಿಂದ ಪ್ರತಿ ಪೊಟ್ಟಣವೂ ಎರಡು ಪಾಲಾಯಿತು. ಬೆಳಗ್ಗೆ ಹಾಲಿನ ಗಾಡಿ ಬರುವ ಮೊದಲೇ ಪಂಪನ್ನು ಬೆನ್ನಿಗೇರಿಸಿ ಎರಡೂ ಕಡೆ ಹೊಡೆದು ಮುಗಿಸುತ್ತಿದ್ದ. ಒಳಗಿನಿಂದ ಶುರುಮಾಡಿ ರಸ್ತೆ ಬದಿಯ ಗೇಟಿನ ಕಡೆ ಬರುವುದು ಅವನ ಅಭ್ಯಾಸ. ಅರ್ಧ ಪಾಲಿನ ಔಷಧಿ ಎಲ್ಲಿಯವರೆಗೆ ಬಂದೀತು? ಪ್ರತಿ ಸಲವೂ ಗೇಟಿನ ಮೂಲೆಯ ನಾಲ್ಕು ಮಡಿ ಉಳಿದಿರುವಾಗಲೇ ಪಂಪು ಬರಿದಾಗುತ್ತಿತ್ತು. ಅಂಚಿನ ಮಡಿಗಳನ್ನು ಅಳೆಯಬಾರದೆಂಬುದು ಅನುಶ್ರೀಯ ವಿದ್ಯೆಯ ನಿಯಮ. ಹಾಗಾಗಿ ಗಿಡ ಅಳೆಯಲು ಬಂದಾಗಲೆಲ್ಲ ಅವಳ ಟೇಪು ಆ ಮೂಲೆಗೆ ಹೋಗಲೇ ಇಲ್ಲ.

ಆಗಸ್ಟಿನ ಮಳೆಗೆ ಕೊಳೆರೋಗ ಬಂತು. ನಾಗರಾಜುವಿನ ಹೊಲ ಹದಿನೈದೇ ದಿನದಲ್ಲಿ ಮಲಗಿತು. ಸಣ್ಣಸ್ವಾಮಿಯ ಎರಡೂ ಅರ್ಧ ಗಟ್ಟಿಯಾಗಿ ನಿಂತವು. ಹೋದದ್ದು ಗೇಟಿನ ಮೂಲೆಯ ಆ ನಾಲ್ಕು ಮಡಿ ಮಾತ್ರ. ಗಿಡ ಹಿಡಿದರೆ ಕೈಗೇ ಬರುತ್ತಿತ್ತು, ಗೆಡ್ಡೆ ಅಮುಕಿದರೆ ಗಂಜಿ. ಅವನು ಅವುಗಳ ಮೇಲೆ ಹುಲ್ಲು ಹೊದಿಸಿದ.

ಸೆಪ್ಟೆಂಬರಿನಲ್ಲಿ ಕಾಲೇಜಿನವರು ಊರಿಗೆಲ್ಲ ಬೆಳೆ ತೋರಿಸುವ ಕ್ಷೇತ್ರೋತ್ಸವ ನಿಗದಿಯಾಯಿತು. ವೇದಿಕೆ ಎಲ್ಲಿ ಹಾಕೋಣ ಎಂದು ಅನುಶ್ರೀ ಕೇಳಿದ್ದೇ ತಡ, “ಗೇಟ್ ಮೂಲೇಲೇ ಹಾಕವ್ವ, ಬಂದೋರ್ಗೆ ಹತ್ರ ಆಯ್ತದೆ,” ಎಂದ. ತಾನೇ ನಿಂತು ಆ ಹುಲ್ಲಿನ ಮೇಲೆ ಹಲಗೆ ಜೋಡಿಸಿದ, ಕೆಂಪು ಜಮಖಾನೆ ಹಾಸಿದ, ಊದಿನಕಡ್ಡಿಯ ಕಟ್ಟನ್ನು ಬಿಚ್ಚದೆ ಇಡಿಯಾಗಿಯೇ ಹಚ್ಚಿದ.

ಕಾಲೇಜಿನ ದೊಡ್ಡ ಸಾಹೇಬರಾದ ಡಾಕ್ಟರ್ ನಾಗಾರ್ಜುನ ಹೊಲ ಸುತ್ತಿ ನೋಡಿ ವೇದಿಕೆ ಹತ್ತಿದರು. ಹತ್ತಿದವರು ಯಾಕೋ ಮೂಗಿಗೆ ಕರವಸ್ತ್ರ ಹಿಡಿದುಕೊಂಡರು. “ಔಷಧಿ ಹೊಡೆದದ್ದೂ ಒಂದೇ, ಹೊಡೆಯದ್ದೂ ಒಂದೇ. ಪ್ರೋಟೀನಿನಿಂದ ಏನೂ ಆಗಿಲ್ಲ. ಇಲ್ಲಿ ಆಗಿರುವುದೆಲ್ಲ ಸಣ್ಣಸ್ವಾಮಿಯವರ ಕೈಗುಣ!” ಎಂದರು. ಜನ ಚಪ್ಪಾಳೆ ತಟ್ಟಿದರು. ಸಣ್ಣಸ್ವಾಮಿಯ ಹೆಗಲಿಗೆ ಶಾಲು ಬಂತು, ತಲೆಗೆ ಮೈಸೂರು ಪೇಟ ಬಂತು. ಚಪ್ಪಾಳೆಯಲ್ಲಿ ನಾಗರಾಜುವಿನದೂ ಇತ್ತು. ಅದಕ್ಕಿಂತ ಇನ್ನೇನು ಬೇಕು?

ಆಗ ಅವನಿಗೆ ಅನುಶ್ರೀ ಕಂಡಳು. ಜನರ ಹಿಂದೆ ಒಬ್ಬಳೇ ನಿಂತು ಅಳತೆಯ ಟೇಪನ್ನು ಸುತ್ತಿ ಚೀಲಕ್ಕೆ ಹಾಕುತ್ತಿದ್ದಳು. ನೋಟ್‌ಬುಕ್ಕನ್ನೂ ಹಾಕಿದಳು. ಮೂರು ವರ್ಷದವಳಿದ್ದಾಗ ಇದೇ ಹೊಲದಲ್ಲಿ ಅವನ ಹೆಗಲ ಮೇಲೆ ಕೂತು ಕೂಗಾಡಿದ ಕೂಸು ಅದು. ಆ ಹೆಗಲ ಮೇಲೆ ಈಗ ಶಾಲು ಇತ್ತು. ಸಣ್ಣಸ್ವಾಮಿಗೆ ನಾಚಿಕೆಯಾಯಿತು.

ಅವನು ಮೈಕಿನ ಮುಂದೆ ಬಂದ. ವಂದನಾರ್ಪಣೆ ಎಂದುಕೊಂಡು ಜನ ಎದ್ದು ಊಟದ ಕಡೆ ಹೊರಟರು.

“ಸಾಹೇಬ್ರೇ, ಒಸಿ ಕೆಳಗಿಳೀರಿ. ನೀವು ನಿಂತಿರೋದೇ ಸಾಕ್ಷಿ ಮ್ಯಾಲೆ.”

ಪೇಟ ತೆಗೆದು ಕುರ್ಚಿಯ ಮೇಲಿಟ್ಟ. ಜಮಖಾನೆ ಎಳೆದ. ಹಲಗೆ ಎತ್ತಿ ಹುಲ್ಲು ಸರಿಸಿದ. ಮುಂದಿನ ಸಾಲಿನವರು ಮೂಗು ಮುಚ್ಚಿಕೊಂಡರು.

“ಪುಡಿ ಕಾಣದ ಮಡಿ ಇಡೀ ಹೊಲದಾಗೆ ಇವು ನಾಕೇಯ. ಮಿಕ್ಕಿದ್ದಕ್ಕೆಲ್ಲ ನಾನೇ ಕದ್ದು ಹೊಡ್ದಿವ್ನಿ, ಬಸ್ಸೋರು ನಗ್ತಾರೆ ಅಂತ. ಗಿಡಕ್ಕೆ ಕಳ್ಳನ ಸದ್ದು ಕೇಳ್ಸು ಅಂತ ಕೊಟ್ಟಿತ್ತು ಕೂಸು. ನಾನೇ ಕಳ್ಳ ಆದೆ.”

ಸಾಹೇಬರು ಕುಕ್ಕರಗಾಲಲ್ಲಿ ಕೂತು ಕೊಳೆತ ಗೆಡ್ಡೆಯೊಂದನ್ನು ಎತ್ತಿ ನೋಡಿದರು, ಒಂದೇ ಮಾರು ಆಚೆ ಗಟ್ಟಿಯಾಗಿ ನಿಂತಿದ್ದ ಗಿಡವನ್ನೂ ನೋಡಿದರು. “ನಾಲ್ಕು ಮಡಿಯಿಂದ ಏನೂ ಸಾಬೀತಾಗುವುದಿಲ್ಲ,” ಎಂದರು. ಗೆಡ್ಡೆಯನ್ನು ಕೆಳಗಿಟ್ಟು, “ಆದರೆ ಇದನ್ನು ನೋಡಿದ ಮೇಲೆ ಕೆಲಸ ಮುಚ್ಚುವುದಕ್ಕೂ ಆಗುವುದಿಲ್ಲ. ಬರುವ ವರ್ಷ ಇನ್ನೊಂದು ಹೊಲದಲ್ಲಿ ಮತ್ತೆ ಮಾಡಮ್ಮ,” ಎಂದರು.

ಅನುಶ್ರೀ ಹತ್ತಿರ ಬಂದಳು. ಕಣ್ಣು ಒದ್ದೆಯಾಗಿತ್ತು, ದನಿಯಲ್ಲಿ ಸಿಟ್ಟಿತ್ತು. “ನನ್ನ ಒಂದು ವರ್ಷ ಹಾಳು ಮಾಡಿದ್ರಿ, ದೊಡ್ಡಪ್ಪ.”

“ಹೂಂ ಕಣವ್ವ,” ಎಂದ ಅವನು.

“ನಮ್ಮ ಹಿಂದಿನ ಹೊಲ ಐತಲ್ಲ, ಅಲ್ಲೇ ಮಾಡು,” ಎಂದಳು ವನಜಮ್ಮ. “ಪುಡಿ ನನ್ ಬೀರುವಿನಾಗೆ ಇರ್ತದೆ. ಬೀಗದ ಕೈ ನನ್ ಸೊಂಟದಾಗೆ.”

ಅಷ್ಟರಲ್ಲಿ ಮಧ್ಯಾಹ್ನದ ಬಸ್ಸು ಬಂತು. ಜನ ಕಂಡು ಡ್ರೈವರು ನಿಧಾನ ಮಾಡಿದ. ಕಿಟಕಿಗಳಿಂದ ತಲೆಗಳು ಹೊರಬಂದವು. “ಏನ್ ಶುಂಠಿ ಸ್ವಾಮಣ್ಣ, ಕೊಳ್ತೋಯ್ತಾ?” ಎಂದು ಕಂಡಕ್ಟರು ಬಾಗಿಲಿನಿಂದಲೇ ಕೂಗಿದ.

ಸಣ್ಣಸ್ವಾಮಿ ಬೇಲಿಯ ಬಳಿಯ ಬೋರ್ಡನ್ನು ಕಿತ್ತು ತಂದು ಆ ನಾಲ್ಕು ಮಡಿಗಳ ನಡುವೆ ಊರಿದ, ಅಕ್ಷರ ರಸ್ತೆಗೆ ಕಾಣುವಂತೆ ತಿರುಗಿಸಿದ.

“ಹೂಂ ಕಣಪ್ಪ, ಕೊಳ್ತೈತೆ!” ಎಂದು ಕೂಗಿ ಹೇಳಿದ. “ಒಸಿ ನಿಲ್ಸು, ಎಲ್ರೂ ಓದ್ಕೊಳ್ಲಿ!”