ತಾನೇ ಲಾಕ್ ಆದ ಕಾರು

ಘೋಡಗೇರಿಯ ಮಹೇಶನ ಹಳೆಯ ಕಾರಿಗೆ ವಿಚಿತ್ರ ರೋಗ ಅಂಟಿಕೊಂಡಿತ್ತು. ಗುಂಡಿ ಒತ್ತಿದರೆ ಡ್ರೈವರ್ ಕಡೆಯ ಗಾಜು ಒಮ್ಮೆ ಇಳಿಯುತ್ತಿತ್ತು, ಒಮ್ಮೆ ಜಪ್ಪಯ್ಯ ಅಂದರೂ ಇಳಿಯುತ್ತಿರಲಿಲ್ಲ. ಬಾಗಿಲು ಹಾಕಿದರೆ ಲಾಕು ಟಕ್ ಟಕ್ ಎಂದು ತಾನೇ ಬೀಳುತ್ತಿತ್ತು, ತಾನೇ ಏಳುತ್ತಿತ್ತು.

"ಗಾಡಿಗೆ ದೆವ್ವ ಬಡದೈತಿ ನೋಡ್ರಿ" ಎಂದು ಹೆಂಡತಿ ಶೋಭಾ ನಗುತ್ತಿದ್ದಳು.

ಪಕ್ಕದ ಮನೆಯ ಸುಮನ್ ಮಾತ್ರ ನಗಲಿಲ್ಲ. ಗೋಕಾಕದಲ್ಲಿ ಗಾಡಿಗಳ ವೈರಿಂಗ್ ಕೆಲಸದ ಅಂಗಡಿ ಅವಳದು.

"ಅಣ್ಣಾ, ಬಾಗಿಲಿಗೆ ಹೋಗೂ ವೈರು ಕೂಡಸೂ ಕನೆಕ್ಟರ್ ಒಳಗ ನೀರು ಹೊಕ್ಕು ಜಂಗ್ ಹಿಡದಿರಬೇಕು. ಅಂಗಡಿಗೆ ತಗೊಂಡ ಬರ್ರಿ, ನೋಡ್ತೇನಿ."

"ಇರಲಿ ಬಿಡ ತಂಗಿ. ಗಾಡಿ ಓಡಾಕತ್ತೈತಿ ಹೌದಿಲ್ಲೊ? ಗಾಜು ಇಳೀಲಿಲ್ಲಂದ್ರ ಯಾರ ಜೀವ ಹೋಗ್ತೈತಿ?"

ಮಹೇಶ ಆ ಮಾತು ಆಡಿ ಬಹಳ ದಿನ ಆಗಿರಲಿಲ್ಲ. ಗಂಡ ಹೆಂಡತಿ ಮಗಳನ್ನು ಕರೆದುಕೊಂಡು ಸಂಕೇಶ್ವರದ ಪೇಟೆಗೆ ಹೋದರು. ಬೇಸಿಗೆಯ ಮಧ್ಯಾಹ್ನ, ನೆತ್ತಿ ಸುಡುವ ಬಿಸಿಲು. ಶೋಭಾ ಬಟ್ಟೆ ಅಂಗಡಿಗೆ ಹೋದಳು. ಮೂರು ವರ್ಷದ ಕಾಜಲ್ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಬೀಜದ ಚೀಲ ತರಲು ಮಹೇಶ ಎಂಜಿನ್ ಆರಿಸಿ ಇಳಿದ. ಎದುರಿಗೇ ಅಂಗಡಿ, ಈಗ ಬಂದೆ ಎಂದುಕೊಂಡು ಕೀಲಿಯನ್ನು ಗಾಡಿಯಲ್ಲೇ ಬಿಟ್ಟ. ಬಾಗಿಲು ಹಾಕಿದ.

ಟಕ್.

ತಿರುಗಿ ಹಿಡಿಕೆ ಎಳೆದ. ಬರಲಿಲ್ಲ. ಹಿಂದಿನ ಬಾಗಿಲು, ಆಚೆ ಬಾಜೂ, ಡಿಕ್ಕಿ, ಎಲ್ಲ ಭದ್ರ. ಗಾಜುಗಳೆಲ್ಲ ಮೇಲೆ ಏರಿದ್ದವು. ಸದ್ದಿಗೆ ಎಚ್ಚರಾದ ಕಾಜಲ್ ಅಳತೊಡಗಿದಳು. ಅವಳ ಮುಖ ಕೆಂಪಾಯಿತು, ಕೂದಲು ಬೆವರಿಗೆ ಹಣೆಗೆ ಅಂಟಿತು. ಬಾಯಿ ತೆರೆದು ಅಳುತ್ತಿದ್ದಾಳೆ, ದನಿ ಮಾತ್ರ ದಪ್ಪ ಗಾಜಿನಾಚೆ ಎಲ್ಲೋ ದೂರದಲ್ಲಿ ಕೇಳಿದ ಹಾಗೆ.

ಮಹೇಶ ಪೇಟೆಯ ಕಡೆ ತಿರುಗಿ ಕೂಗಿದ. "ಯಾರರೆ ಬರ್ರಿ! ನನ್ನ ಮಗಳು ಒಳಗ ಅದಾಳ್ರಿ!"

ಪಂಕ್ಚರ್ ಅಂಗಡಿಯವನೊಬ್ಬ ನಟ್ಟು ಬಿಚ್ಚುವ ಕಬ್ಬಿಣದ ಪಾನಾ ಹಿಡಿದು ಓಡಿ ಬಂದು ಮಹೇಶನ ಕೈಗೆ ಕೊಟ್ಟ. "ಕೂಸಿನ ಕಡಿ ಬ್ಯಾಡ್ರಿ, ಮುಂದಿನ ಬಾಗಲದ ಗಾಜಿಗೆ ಹೊಡೀರಿ! ಮೂಲಿಗೆ ಹೊಡೀರಿ!"

ಮೊದಲ ಏಟಿಗೆ ಗಾಜು ಜಗ್ಗಲಿಲ್ಲ. ಆ ಹೊತ್ತಿಗೆ ಕಾಜಲ್ ಅಳುವುದನ್ನು ನಿಲ್ಲಿಸಿಬಿಟ್ಟಿದ್ದಳು. ಮಹೇಶ ಪಾನಾವನ್ನು ಮತ್ತೆ ಬೀಸಿದ. ಈ ಏಟಿಗೆ ಗಾಜು ಪುಡಿಯಾಯಿತು. ಒಳಗೆ ಕೈ ಹಾಕಿ ಲಾಕು ಎತ್ತಿ ಬಾಗಿಲು ತೆರೆದ. ಕೈಗೆ ಬಂದ ಮಗು ಕಾದ ಹಂಚಿನಂತೆ ಸುಡುತ್ತಿತ್ತು.

ದವಾಖಾನೆಯಲ್ಲಿ ಡಾಕ್ಟರು, "ಈಗ ಕೂಸು ಆರಾಮ ಐತಿ. ಇನ್ನೊಂಚೂರು ತಡ ಆಗಿದ್ರ ಹೇಳಾಕ ಬರ್ತಿರಲಿಲ್ಲ" ಎಂದರು. ಸುದ್ದಿ ಕೇಳಿ ಬಟ್ಟೆ ಅಂಗಡಿಯಿಂದ ಓಡಿ ಬಂದಿದ್ದ ಶೋಭಾ ಮಗಳನ್ನು ಎದೆಗವಚಿಕೊಂಡು ಕುಳಿತಳು. ಗಂಡನ ಮುಖ ನೋಡಲಿಲ್ಲ.

ಮರುದಿನ ಮಹೇಶ ಕಾರನ್ನು ಗೋಕಾಕಕ್ಕೆ ಒಯ್ದ. ಸುಮನ್ ಮೊದಲು ಬ್ಯಾಟರಿಯ ವೈರು ಬಿಚ್ಚಿದಳು. ಬಾಗಿಲು ಮತ್ತು ಗಾಡಿಯ ನಡುವೆ ಇರುವ ರಬ್ಬರ್ ಕೊಳವೆ ಸರಿಸಿದಳು. ಅದು ಸೀಳಿತ್ತು. ಕನೆಕ್ಟರ್ ಬಿಚ್ಚಿ ಅವನ ಮುಂದೆ ಹಿಡಿದಳು. ಒಳಗಿನ ಪಿನ್ನುಗಳ ಮೇಲೆ ಹಸಿರು ಪುಡಿ ಮೆತ್ತಿಕೊಂಡಿತ್ತು. ಒಂದು ಪಿನ್ನು ಮುಟ್ಟಿದ ಕೂಡಲೇ ಉದುರಿತು.

ಮಹೇಶ ದಂಗಾದ. "ಇಷ್ಟ ಸಣ್ಣದರಿಂದ ಅಷ್ಟೆಲ್ಲಾ ಆತೇನು?"

"ಹೌದಣ್ಣಾ. ಜಂಗ್ ಹಿಡದ್ರ ಕರೆಂಟ್ ಹೋಗೂ ಕಡಿ ಹೋಗೂದಿಲ್ಲ, ಬ್ಯಾಡಾದ ಕಡಿ ಹೋಗ್ತೈತಿ. ಲಾಕ್ ತಾನ ಬೀಳ್ತೈತಿ." ಅವಳು ಸ್ವಲ್ಪ ತಡೆದು ಹೇಳಿದಳು, "ಆದ್ರ ಗಾಡಿ ತಪ್ಪು ಅರ್ಧಾನ ಅಣ್ಣಾ. ಕೂಸಿನ್ನ ಒಬ್ಬಾಕಿನ್ನ ಬಿಟ್ಟು ಇಳೀಬಾರದಿತ್ತು."

ಮಹೇಶ ತಲೆ ತಗ್ಗಿಸಿದ. "ಖರೆ ಐತಿ ತಂಗಿ."

ಸುಮನ್ ಕನೆಕ್ಟರ್ ಸ್ವಚ್ಛ ಮಾಡುವ ಸ್ಪ್ರೇ ಹೊಡೆದು, ಮೆತ್ತನೆಯ ಬ್ರಶ್ಶಿನಿಂದ ತಿಕ್ಕಿ ಒಣಗಿಸಿದಳು. ಕೆಟ್ಟ ಪಿನ್ನು ಬದಲಿಸಿದಳು. ನೀರು ತಾಗದಂತೆ ಅದಕ್ಕೆಂದೇ ಇರುವ ಗ್ರೀಸನ್ನು ತೆಳ್ಳಗೆ ಸವರಿ, ಹೊಸ ರಬ್ಬರ್ ಕೊಳವೆ ಕೂಡಿಸಿದಳು. ಬಾಗಿಲಿನ ತಳದಲ್ಲಿ ನೀರು ಹರಿದುಹೋಗುವ ತೂತುಗಳಲ್ಲಿ ಮಣ್ಣು ಕಟ್ಟಿತ್ತು, ಅದನ್ನೂ ತೆಗೆದಳು. ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು.

ಅಂದಿನಿಂದ ಮಹೇಶ ಇಳಿಯುವಾಗ ಮೊದಲು ಕೀಲಿ ಕೈಗೆ, ಆಮೇಲೆ ಮಗಳು ಕಂಕುಳಿಗೆ. ಕಾರಿದ್ದ ಬೀಗರಿಗೆಲ್ಲ ತಾನೇ ಫೋನು ಮಾಡಿ ಬಾಗಿಲ ವೈರಿಂಗ್ ನೋಡಿಸಿರಿ ಎಂದು ಹೇಳಿದ.

ಅಕ್ಕಗಳಿರಾ, ಅಣ್ಣಗಳಿರಾ, ನಿಮ್ಮ ಗಾಡಿಯ ಗಾಜು ತಡವರಿಸುತ್ತಿದೆಯೇ? ಲಾಕು ತಾನೇ ಆಡುತ್ತಿದೆಯೇ? ನಕ್ಕು ಸುಮ್ಮನಾಗಬೇಡಿ, ಕೆಲಸ ಬಲ್ಲವರಿಗೆ ಇಂದೇ ತೋರಿಸಿ. ಗಾಡಿ ಹೊಸದಿರಲಿ, ಹಳೆಯದಿರಲಿ, ಒಂದು ನಿಮಿಷಕ್ಕೂ ಮಗುವನ್ನು ಒಳಗೆ ಒಂಟಿಯಾಗಿ ಬಿಡಬೇಡಿ.